ಮೂರು ಕೋಣೆಯ ಸಾಹಸದಾಟ



ಕಂಪ್ಯೂಟರಿನ ಪರದೆಯಲ್ಲಿ ಒಂದು ಕೋಣೆಯ ಚಿತ್ರ. ಕಪಾಟಿನ ಮೇಲೆ ಮೌಸ್ ಒತ್ತಿದರೆ ಬೀಗದಕೈ ಸಿಗುತ್ತದೆ. ಅದನ್ನು ಬಾಗಿಲಿಗೆ ಹಚ್ಚಿದರೆ ಕಥೆ ಮುಂದೆ ನಡೆಯುತ್ತದೆ. ಇಂಥ ಆಟಗಳಲ್ಲಿ 1987ರ ‘ಮೇನಿಯಕ್ ಮ್ಯಾನ್ಷನ್’ ಹೆಸರಾದದ್ದು. ಅದು ಕಂಪನಿಯವರ ಕೆಲಸ. ಆದರೆ ಕ್ರಿಸ್ ಜೋನ್ಸ್ ಎಂಬವರು 1997ರಲ್ಲಿ ಹೊರತಂದ ಸಾಧನವೊಂದು ‘ಅಡ್ವೆಂಚರ್ ಗೇಮ್ ಸ್ಟುಡಿಯೋ’ ಎಂಬ ಹೆಸರಿನಿಂದ ಇಂದು ಎಲ್ಲರಿಗೂ ಉಚಿತವಾಗಿ ದೊರೆಯುತ್ತದೆ.

ಕೋಣೆಯ ಚಿತ್ರ ಬರೆದು ಅದರೊಳಗೆ ಸೇರಿಸಬೇಕು. ಪಾತ್ರವು ಎಲ್ಲಿ ನಡೆಯಬಹುದು, ಯಾವ ವಸ್ತುವನ್ನು ಒತ್ತಬಹುದು ಎಂಬುದನ್ನು ಬಣ್ಣ ಬಳಿದು ಗುರುತಿಸಬೇಕು. ಆಮೇಲೆ ಉತ್ತರಗಳು. ಇಲ್ಲಿ ಗುಮಾಸ್ತರ ಲೆಕ್ಕ ಬೇಕು: 3 ಕೋಣೆ, ಕೋಣೆಗೆ 10 ವಸ್ತು, ವಸ್ತುವಿಗೆ ನೋಡು, ಮುಟ್ಟು, ಮಾತಾಡು ಎಂದು 3 ಕ್ರಿಯೆ, ಒಟ್ಟು 90 ಉತ್ತರ! ನಾವು ಮೊದಲು 12 ಕೋಣೆಯ ಕಥೆ ಹಿಡಿದು ಎರಡನೆಯದರಲ್ಲೇ ಕೈಬಿಟ್ಟೆವು.

ಮೂರು ಕೋಣೆಯದು ಮುಗಿಯಿತು. ರಾತ್ರಿಪಾಳಿ ಮುಗಿಸಿ ಬಂದ ಮಿತ್ರರೊಬ್ಬರನ್ನು ಆಡಲು ಕೂರಿಸಿ, ನಾವು ತುಟಿ ಬಿಚ್ಚದೆ ಹಿಂದೆ ನಿಂತೆವು. ಅವರು ಇದ್ದ ಒಂದೇ ನಾಣ್ಯವನ್ನು ಚಹದವನಿಗೆ ಕೊಟ್ಟರು. ಮುಂದೆ ದೋಣಿಯವನಿಗೆ ಅದೇ ನಾಣ್ಯ ಬೇಕು! ದಾರಿಯಿಲ್ಲದೆ ಅರ್ಧ ಗಂಟೆ ತಡಕಾಡಿದರು. ಆಟ ಪುಕ್ಕಟೆಯೇನೋ ಸರಿ, ಅವರ ನಿದ್ದೆ ಪುಕ್ಕಟೆಯೇ? ಈಗ ನಮ್ಮ ಚಹದವನು, “ದುಡ್ಡು ಆಮೇಲೆ ಕೊಡಿ, ಸ್ವಾಮಿ” ಎನ್ನುತ್ತಾನೆ.

ಹಂಚುವ ಮುನ್ನ ಬೇರೆ ಕಂಪ್ಯೂಟರಿನಲ್ಲಿ ಆಡಿಸಿ ನೋಡಿರಿ. ಸಿನಿಮಾ ಹಾಡು, ಪರರ ಚಿತ್ರ ಸೇರಿಸಬೇಡಿರಿ. ಪೆನ್ ಡ್ರೈವ್ ತಂದವರಿಗೆ ನಮ್ಮ ಆಟದ ಪ್ರತಿ ಭಾನುವಾರ ವಾಚನಾಲಯದಲ್ಲಿ ಸಿಗುತ್ತದೆ. ಎಲ್ಲಿ ಸಿಕ್ಕಿಬಿದ್ದಿರೆಂದು ಬರೆದುಕೊಡಿರಿ.