ಆತ್ಮರಕ್ಷಣೆಯ ವಿದ್ಯೆಯೂ ಅದನ್ನು ಕಲಿಸುವವರೂ



ವೈಟ್‌ಫೀಲ್ಡಿನಲ್ಲಾಗಲಿ ಪೀಣ್ಯದಲ್ಲಾಗಲಿ ಕರಾಟೆ, ಟೇಕ್ವಾಂಡೋ ತರಗತಿಗಳ ಫಲಕಗಳು ಈಗ ಅಪರೂಪವಲ್ಲ. ಹೆಣ್ಣುಮಕ್ಕಳು ರಾತ್ರಿಯ ಪಾಳಿಗೂ ಹೋಗಿಬರುವ ಈ ಪ್ರದೇಶದಲ್ಲಿ ಇದು ಸಂತೋಷದ ಸಂಗತಿಯೇ ಸರಿ. ಆದರೆ ಕಲಿಸುವವರು ನಂಬಿಕೆಗೆ ಯೋಗ್ಯರೋ ಎಂದು ವಿಚಾರಿಸದೆ ಮಗಳನ್ನು ಒಪ್ಪಿಸುವುದು ವಿವೇಕವಲ್ಲ. ಏನೂ ಕಲಿಯದ ಹುಡುಗಿಯು ಅಪಾಯವನ್ನು ಕಂಡೊಡನೆ ಓಡುವಳು. ಹುಸಿವಿದ್ಯೆಯನ್ನು ನಂಬಿದವಳು ನಿಂತು ಕೆಡುವಳು.

ಮೊದಲನೆಯದಾಗಿ, ಸೊಂಟದ ಪಟ್ಟಿಯನ್ನು ಕಂಡು ಬೆರಗಾಗಬಾರದು. 1882ರಲ್ಲಿ ಟೋಕಿಯೋ ನಗರದಲ್ಲಿ ಜೂಡೋ ಶಾಲೆಯನ್ನು ಸ್ಥಾಪಿಸಿದ ಜಿಗೊರೊ ಕಾನೊ ಅವರು ವೃತ್ತಿಯಿಂದ ಉಪಾಧ್ಯಾಯರು. ಶಿಷ್ಯರ ಪ್ರಗತಿಯನ್ನು ಗುರುತಿಸುವುದಕ್ಕಾಗಿ ಕಪ್ಪು ಪಟ್ಟಿಯನ್ನು ಬಳಕೆಗೆ ತಂದವರು ಅವರೇ. ಕರಾಟೆಯವರು ಅದನ್ನು ಬಳಿಕ ಅನುಸರಿಸಿದರು. ಪಟ್ಟಿಯ ಬೆಲೆಯು ಅದನ್ನು ಕೊಟ್ಟವರ ಯೋಗ್ಯತೆಯಷ್ಟೇ. ಬರಿಯ ಪಟ್ಟಿಯಾದರೋ ಅಂಗಡಿಯಲ್ಲಿಯೂ ದೊರೆಯುವುದು.

ಎರಡನೆಯದಾಗಿ, ಯಾರಲ್ಲಿ, ಎಷ್ಟು ವರ್ಷ ಕಲಿತಿರಿ, ದರ್ಜೆಯನ್ನು ಕೊಟ್ಟವರು ಯಾರು ಎಂದು ಕೇಳಬೇಕು. ಟೇಕ್ವಾಂಡೋದಲ್ಲಿ ಸೋಲ್ ನಗರದ ಕುಕ್ಕಿವನ್ ಸಂಸ್ಥೆಯು ದರ್ಜೆಗಳ ದಾಖಲೆಯನ್ನು ಇಟ್ಟಿರುತ್ತದೆ. ಹದಿನೈದು ವರ್ಷ ತುಂಬದ ಮಕ್ಕಳಿಗೆ ಅದು ಕೊಡುವುದು 'ಪೂಮ್' ದರ್ಜೆಯನ್ನು, 'ಡಾನ್' ದರ್ಜೆಯನ್ನಲ್ಲ. ಮೂರನೆಯ ಡಾನ್‌ನಿಂದ ನಾಲ್ಕನೆಯದಕ್ಕೆ ಏರಲು ಕನಿಷ್ಠ 3 ವರ್ಷ ಕಳೆಯಬೇಕು. ಹತ್ತು ವರ್ಷದ ಬಾಲೆಯನ್ನು ಡಾನ್ ಮಾಡುವೆನೆಂಬವರ ಮಾತನ್ನು ಇದರಿಂದಲೇ ಅಳೆಯಬಹುದು.

ಮೂರನೆಯದಾಗಿ, ಅಭ್ಯಾಸವನ್ನು ಕಣ್ಣಾರೆ ನೋಡಬೇಕು. ನಮ್ಮ ನಾಡಿನ ಗರಡಿಮನೆಯಲ್ಲಿ ಉಸ್ತಾದನ ಮಾತಿಗಿಂತ ಶಿಷ್ಯನ ಕುಸ್ತಿಯೇ ದೊಡ್ಡ ಸಾಕ್ಷಿ. ಕಾನೊ ಅವರೂ 'ರಂದೊರಿ' ಎಂಬ ಮುಕ್ತ ಸೆಣಸಾಟಕ್ಕೆ ಮುಖ್ಯ ಸ್ಥಾನವನ್ನು ಕೊಟ್ಟರು. ಎದುರಾಳಿಯು ಕೈಕಟ್ಟಿ ನಿಂತಿರುವಾಗ ಹೊಡೆಯುವುದು ಸುಲಭ. ಅವನು ತಡೆದಾಗ, ಎಳೆದಾಗ ಬಿಡಿಸಿಕೊಳ್ಳುವುದನ್ನು ಕಲಿಸುವರೋ? ಓಡಿ ಪಾರಾಗುವುದೂ ಕೂಗಿ ನೆರವು ಕರೆಯುವುದೂ ಪಾಠದಲ್ಲಿ ಸೇರಿರುವುವೋ? ಒಂದೇ ವಾರದಲ್ಲಿ ನಿರ್ಭಯರಾಗಿ ಮಾಡುವೆನೆಂಬವರನ್ನು ನಂಬಬೇಡಿರಿ.

ನಾಲ್ಕನೆಯದು ನಡತೆಯ ಪರೀಕ್ಷೆ. ಇದೇ ಎಲ್ಲಕ್ಕಿಂತ ಮುಖ್ಯವಾದದ್ದು. ಕೆಲವು ವರ್ಷಗಳ ಕೆಳಗೆ ವಿದ್ಯಾರ್ಥಿನಿಯೊಬ್ಬಳ ತಾಯಿಯೊಡನೆ ನಾವು ಒಂದು ತರಗತಿಗೆ ಹೋಗಿದ್ದೆವು. "ಪೋಷಕರು ಒಳಗೆ ಬರಬಾರದು, ಮಕ್ಕಳ ಏಕಾಗ್ರತೆ ಕೆಡುತ್ತದೆ" ಎಂದರು. ಆ ತಾಯಿಯು ಸಂಕೋಚದಿಂದ, "ಗುರುಗಳಿಗೆ ಎದುರಾಡುವುದು ಹೇಗಮ್ಮಾ?" ಎಂದು ನಮ್ಮನ್ನು ಕೇಳಿದರು. ನಾವು ಹುಡುಗಿಯನ್ನು ಕರೆದುಕೊಂಡು ಹಿಂದಿರುಗಿದೆವು. ಈ ವಿದ್ಯೆಯಲ್ಲಿ ಮೈಮುಟ್ಟಿ ಕಲಿಸಬೇಕಾಗುವುದರಿಂದಲೇ ಬಾಗಿಲು ತೆರೆದಿರಬೇಕು. ಮುಟ್ಟುವ ಮೊದಲು ತಿಳಿಸುವವರು, ಬೇಡವೆಂದರೆ ಕೈ ಹಿಂತೆಗೆಯುವವರು ಒಳ್ಳೆಯ ಶಿಕ್ಷಕರು. ಮಕ್ಕಳ ರಕ್ಷಣೆಗಾಗಿ 2012ರ ಪೋಕ್ಸೋ ಕಾಯಿದೆಯಿದೆ. 1098 ಎಂಬ ಸಹಾಯವಾಣಿಯಿದೆ. ಇವೆರಡನ್ನೂ ಮಗಳಿಗೆ ತಿಳಿಸಿರಿ.

ಗುರುವನ್ನು ಪ್ರಶ್ನಿಸುವುದು ಗುರುದ್ರೋಹವೆಂಬ ಭಾವನೆಯು ನಮ್ಮಲ್ಲಿ ಆಳವಾಗಿ ಬೇರೂರಿದೆ. ಉಪಾಧ್ಯಾಯವೃತ್ತಿಯಲ್ಲಿರುವ ನಾವೇ ಹೇಳುತ್ತೇವೆ: ಯೋಗ್ಯನಾದ ಗುರುವು ಪ್ರಶ್ನೆಗೆ ಅಂಜನು. ಮೊದಲು ಕೇಳಿರಿ, ಕುಳಿತು ನೋಡಿರಿ, ಅನಂತರ ಮಗಳನ್ನು ಸೇರಿಸಿರಿ. ತಾಯಿಯು ಕೇಳುವುದನ್ನು ಕಂಡ ಮಗಳು ತಾನೂ ಕೇಳಲು ಕಲಿಯುವಳು. ಆತ್ಮರಕ್ಷಣೆಯ ಮೊದಲನೆಯ ಪಾಠವು ಅದೇ.