ಖಾಲಿ ಬಿಟ್ಟ ವೃತ್ತಗಳು

ಅಪೊಸ್ತಲರ ಕೃತ್ಯಗಳು 5ನೇ ಅಧ್ಯಾಯ ತೆಗೀರಿ, 1ರಿಂದ 11ನೇ ವಚನ. ಮೊಬೈಲ್‌ನಲ್ಲಿ ಓದೋರು ಆ ವಾಟ್ಸಾಪ್ ಸ್ವಲ್ಪ ಮುಚ್ಚಿಡಿ.

ಕಥೆ ಗೊತ್ತಿರೋದೇ. ಅನನೀಯ ಹೊಲ ಮಾರಿದ, ಹಣದಲ್ಲಿ ಒಂದು ಪಾಲು ಇಟ್ಟುಕೊಂಡ, ಉಳಿದದ್ದನ್ನು ತಂದು ಅಪೊಸ್ತಲರ ಪಾದದ ಹತ್ತಿರ ಇಟ್ಟ. ಅಲ್ಲೇ ಬಿದ್ದು ಸತ್ತ. ನಾವು ಇದನ್ನು ಕಾಣಿಕೆಯ ಪ್ರಸಂಗ ಮಾಡಿಬಿಡ್ತೀವಿ. ಆದರೆ ಹೊಲವೂ ಅವನದೇ, ಮಾರಿದ ಹಣವೂ ಅವನದೇ ಅಂತ 4ನೇ ವಚನದಲ್ಲಿ ಪೇತ್ರನೇ ಒಪ್ಪಿಕೊಳ್ತಾನೆ. ಅರ್ಧ ತಂದು "ಇದು ಅರ್ಧ" ಅಂದಿದ್ದರೆ ಮುಗಿದಿತ್ತು.

ಈಗ ನನ್ನ ಪ್ರಶ್ನೆ. ಅನನೀಯ ಹೇಳಿದ ಸುಳ್ಳು ಯಾವ ವಚನದಲ್ಲಿದೆ? ಹುಡುಕಿ. ಸಿಗಲ್ಲ. ಅವನ ಬಾಯಿಂದ ಬಂದ ಒಂದು ಮಾತನ್ನೂ ಲೂಕ ಬರೆದಿಲ್ಲ. ಹಣ ಇಟ್ಟ, ನಿಂತ. ಜನ ಏನು ತಿಳ್ಕೋಬೇಕಿತ್ತೋ ತಿಳ್ಕೊಂಡರು.

ನಮ್ಮ ಕಲಬುರಗಿಯವರಿಗೆ ಇದನ್ನು ಬಿಡಿಸಿ ಹೇಳೋದು ಬೇಕಿಲ್ಲ. 2021ರ ಅಕ್ಟೋಬರ್ 3ಕ್ಕೆ 545 ಪಿಎಸ್‌ಐ ಹುದ್ದೆಗಳಿಗೆ ಪರೀಕ್ಷೆ ನಡೀತು. ಸಿಐಡಿ ತನಿಖೆ ಬಂದು ನಿಂತಿದ್ದು ನಮ್ಮದೇ ಊರಿನ ಒಂದು ಪರೀಕ್ಷಾ ಕೇಂದ್ರದಲ್ಲಿ. ಆರೋಪ ಏನು? ಅಭ್ಯರ್ಥಿ ಓಎಂಆರ್ ಹಾಳೆಯಲ್ಲಿ ವೃತ್ತಗಳನ್ನು ಖಾಲಿ ಬಿಟ್ಟು ಎದ್ದು ಹೋಗ್ತಾನೆ, ಆಮೇಲೆ ಬೇರೆ ಯಾರೋ ತುಂಬ್ತಾರೆ. ಅಂಥವನು ಸುಳ್ಳು ಉತ್ತರ ಬರೆದ್ನಾ? ಇಲ್ಲ, ಏನನ್ನೂ ಬರೀಲಿಲ್ಲ. ಜಾಗ ಖಾಲಿ ಬಿಟ್ಟ, ಅಷ್ಟೆ. 2022ರ ಏಪ್ರಿಲ್‌ನಲ್ಲಿ ಸರ್ಕಾರ ಆ ಪರೀಕ್ಷೆಯನ್ನೇ ರದ್ದು ಮಾಡ್ತು. ಮರುಪರೀಕ್ಷೆ ಆಗಿದ್ದು 2024ರ ಜನವರಿ 23ಕ್ಕೆ. ಬೆಳಗಿನ ಜಾವ ಎದ್ದು ಓದಿ, ಓಡಿ, ಪ್ರಾಮಾಣಿಕವಾಗಿ ಬರೆದವರೂ ಎರಡು ವರ್ಷಕ್ಕಿಂತ ಹೆಚ್ಚು ಕಾದರು.

ರಾಹಾಬಳು ಸುಳ್ಳು ಹೇಳಲಿಲ್ವಾ ಅಂತ ಯೂತ್ ಮೀಟಿಂಗ್‌ನಲ್ಲಿ ಯಾರಾದರೂ ಕೇಳೇ ಕೇಳ್ತಾರೆ. ಹೇಳಿದಳು, ಇಬ್ಬರ ಜೀವ ಉಳಿಸೋಕೆ. ಅಗಸ್ಟೀನ್ ಅದನ್ನೂ ಒಪ್ಪಲಿಲ್ಲ, ಒಪ್ಪಿದ ಬೋಧಕರೂ ಇದ್ದಾರೆ. ಇವತ್ತು ಆ ವಾದಕ್ಕೆ ಹೋಗಲ್ಲ. ನಮ್ಮ ಸುಳ್ಳುಗಳಿಂದ ಯಾರ ಜೀವವೂ ಉಳಿದಿಲ್ಲ ಅನ್ನೋದು ನಮಗೇ ಗೊತ್ತು.

ಅನನೀಯನಿಗೆ ಬೇಕಾಗಿದ್ದೇನು? 4ನೇ ಅಧ್ಯಾಯದ ಕೊನೆ ನೋಡಿ. ಬಾರ್ನಬನು ಹೊಲ ಮಾರಿ ಹಣ ಪೂರ್ತಿ ತಂದಿಟ್ಟ. ಆ ಹೆಸರು ಅನನೀಯನಿಗೂ ಬೇಕಿತ್ತು, ಆ ಬೆಲೆ ಕೊಡದೆ. ನನಗೂ ಬೇಕಿತ್ತು.

ನನ್ನ ಸಾಕ್ಷಿ ನಿಮ್ಮಲ್ಲಿ ಬಹಳ ಜನ ಕೇಳಿದ್ದೀರಿ. ಬೆಂಗಳೂರಿನ ಕೆಲಸ, ಆಮೇಲೆ ಕರೆ, ಆಮೇಲೆ ಬೈಬಲ್ ಕಾಲೇಜು. ನಡೆದದ್ದು ಇಷ್ಟು. ನಾನು ಗುತ್ತಿಗೆ ಕೆಲಸದಲ್ಲಿದ್ದೆ, ಅವರು ಅದನ್ನು ಮುಂದುವರಿಸಲಿಲ್ಲ. ಮೂರು ತಿಂಗಳು ಖಜೂರಿಯ ಮನೆಯಲ್ಲಿ ಖಾಲಿ ಕೂತಿದ್ದೆ. ಅಲ್ಲೇ ಪ್ರಾರ್ಥನೆಯಲ್ಲಿ ಕರ್ತನು ಮಾತಾಡಿದ್ದು, ಅದು ಸತ್ಯ. ಆದರೆ ಒಂದು ಕೂಟದಲ್ಲಿ ಹಿರಿಯರೊಬ್ಬರು, ಕೈತುಂಬ ಸಂಬಳದ ಕೆಲಸ ಬಿಟ್ಟು ಬಂದ ಯೌವನಸ್ಥ ಅಂತ ನನ್ನನ್ನು ಪರಿಚಯಿಸಿದರು. ಹಲ್ಲೆಲೂಯಾ ಅಂತ ಚಪ್ಪಾಳೆ ಬಿತ್ತು. ನಾನು ತಲೆ ಬಗ್ಗಿಸಿ ನಿಂತೆ. ನೋಡಿದವರು ಅದನ್ನು ದೀನತೆ ಅಂದ್ಕೊಂಡರು. ಆಮೇಲೆ ಸಾಕ್ಷಿ ಹೇಳುವಾಗೆಲ್ಲ "ಕೆಲಸ ಬಿಟ್ಟೆ" ಅಂತ ಎಂದೂ ಅಂದಿಲ್ಲ. "ಆ ಕೆಲಸದ ನಂತರ" ಅಂತಿದ್ದೆ. ಶಬ್ದ ಹುಡುಕಿ ಆರಿಸಿದ್ದೆ ಅಂದರೆ ನನಗೆ ಗೊತ್ತಿತ್ತು ಅಂತಲೇ ಅಲ್ವಾ?

ಹೋದ ಸಲ ತೊಗರಿ ರಾಶಿಗೆ ಅಂತ ಊರಿಗೆ ಹೋಗಿದ್ದೆ. ಪುಣೆಯಿಂದ ಒಬ್ಬ ಸಹೋದರ ಫೋನ್ ಮಾಡಿದರು. ಅವರನ್ನು ಕೇಳಿಯೇ ಇದನ್ನು ಹೇಳ್ತಿದೀನಿ. ಮನೆಗೆ ಅವರೊಬ್ಬರದೇ ಸಂಬಳ, ತಂದೆಯ ಸಾಲ ಬೇರೆ. "ಪಾಸ್ಟರ್, ಸೋಮವಾರ ರಾಜೀನಾಮೆ ಕೊಡ್ತಿದೀನಿ, ನೀವು ಕೊಟ್ಟ ಹಾಗೆ. ನೋಟಿಸ್ ಪೀರಿಯಡ್ ಎಷ್ಟಿತ್ತು ನಿಮಗೆ?"

ಗಂಡ ಸತ್ತು ಸುಮಾರು ಮೂರು ತಾಸಾದ ಮೇಲೆ ಸಫೈರಳು ಬಂದಾಗ ಪೇತ್ರನು ಅವಳನ್ನು ನೇರವಾಗಿ ಕೇಳ್ತಾನೆ, ಹೊಲ ಮಾರಿದ್ದು ಇಷ್ಟಕ್ಕೇನಾ ಅಂತ. ಮೊದಲೆಲ್ಲ ನಾನು ಅದನ್ನು ಸಿಕ್ಕಿಹಾಕಿಸೋ ಪ್ರಶ್ನೆ ಅಂತ ಓದ್ತಿದ್ದೆ. ಅವತ್ತು ಅದು ಬಾಗಿಲು ತೆರೆದಂತೆ ಕಾಣಿಸ್ತು. ಇಲ್ಲ ಅಂದಿದ್ದರೆ ಸಾಕಿತ್ತು ಅವಳು.

ನಾನು ಹೇಳಿದೆ. ನಾನು ಬಿಟ್ಟಿದ್ದಲ್ಲ ಬ್ರದರ್, ಅವರೇ ಬಿಡಿಸಿದ್ದು. ಬಹಳ ಹೊತ್ತು ಮಾತಿಲ್ಲ. ಆಮೇಲೆ, "ಹಂಗಾದ್ರೆ ಉಳಿದದ್ದರಲ್ಲಿ ಯಾವುದು ನಿಜ?" ಅಂತ ಕೇಳಿದರು. ಕರೆ ನಿಜ, ತ್ಯಾಗ ಸುಳ್ಳು ಅಂದೆ. ಫೋನ್ ಇಟ್ಟರು.

ಪಕ್ಕದಲ್ಲೇ ತೊಗರಿ ಹಸನು ಮಾಡ್ತಾ ಕೂತಿದ್ದ ನಮ್ಮವ್ವ ಅಂದಳು, "ನಿಮ್ಮ ಸಭಾದವ್ರಿಗಿ ಗೊತ್ತದ ಅಂತ ತಿಳ್ಕೊಂಡಿದ್ನಲ್ಲೋ ನಾ."

ಆ ಸಹೋದರ ಇನ್ನೂ ಕೆಲಸದಲ್ಲೇ ಇದ್ದಾರೆ, ಕರೆಯ ವಿಷಯ ಪ್ರಾರ್ಥಿಸ್ತಿದ್ದಾರೆ. ನನ್ನ ಜೊತೆ ಮೊದಲಿನ ಹಾಗೆ ಮಾತಾಡಲ್ಲ. ಅದು ಅವರ ಹಕ್ಕು. ಪರಿಚಯಿಸಿದ ಆ ಹಿರಿಯರಿಗೆ ಹೋದ ವಾರ ಹೇಳಿದೆ. ಈ ಸಭೆಗೆ ಇವತ್ತು ಹೇಳ್ತಿದೀನಿ.

ಪ್ರಾರ್ಥನೆ ಆದ ಮೇಲೆ ಎಂದಿನಂತೆ ಸಾಕ್ಷಿ ಸಮಯ. ಹೊಸ ಸಾಕ್ಷಿ ಇದ್ದವರು ಬನ್ನಿ. ಹಳೆಯದನ್ನು ತಿದ್ದಬೇಕು ಅನ್ನೋರಿಗೂ ಮೈಕ್ ಇದೆ. ಕಣ್ಣು ಮುಚ್ಚಿ, ಪ್ರಾರ್ಥಿಸೋಣ.