ಚಳಿಗಾಲದಲ್ಲಿ ತಗಡಿನ ಕಣಜ

ಇಲಿ ಕಡಿಯಲಾರದ, ನೆಲದ ಥಂಡಿ ತಾಗದ, ಬರಿದಾಗಿದ್ದಾಗ ಇಬ್ಬರು ಸೇರಿ ಎತ್ತಿ ಬೇಕಾದ ಕಡೆ ಇಡಬಹುದಾದ ಸಾಧನವೆಂದು ತಗಡಿನ ಕಣಜವು ರೈತರ ಮನೆಗಳಲ್ಲಿ ಬಳಕೆಗೆ ಬಂದಿದೆ. ಹಾಪುರದ ಭಾರತೀಯ ಧಾನ್ಯ ಸಂಗ್ರಹಣಾ ಸಂಸ್ಥೆಯು ಮನೆಬಳಕೆಗೆಂದು ರೂಪಿಸಿದ ಕಣಜಗಳಲ್ಲಿ 2 ಕ್ವಿಂಟಾಲಿನಿಂದ 10 ಕ್ವಿಂಟಾಲಿನವರೆಗೆ ಧಾನ್ಯ ಹಿಡಿಯುವ ಅಳತೆಗಳಿವೆ. ಊರಿನ ತಗಡಿನ ಕೆಲಸದವರೂ ಇದೇ ಬಗೆಯವನ್ನು ಮಾಡಿಕೊಡುತ್ತಾರೆ.

ಈ ಕಣಜದ ಮೇಲೆ ಒಂದು ದೂರು ಮಾತ್ರ ಪ್ರತಿವರ್ಷ ಚಳಿಗಾಲದಲ್ಲಿ ಕೇಳಿಬರುತ್ತದೆ. ದೀಪಾವಳಿಯ ಹೊತ್ತಿಗೆ ತುಂಬಿಟ್ಟ ಮುಸುಕಿನ ಜೋಳದ ಮುಚ್ಚಳವನ್ನು ಸಂಕ್ರಾಂತಿಗೆ ಮುಂಚೆ ತೆಗೆದಾಗ ಮುಗ್ಗುಲು ವಾಸನೆ ಬರುತ್ತದೆ. ಮೇಲಿನ ನಾಲ್ಕು ಬೆರಳಿನಷ್ಟು ಕಾಳು ಗಂಟುಕಟ್ಟಿ ಹಸಿರು ಬೂಷ್ಟು ಹಿಡಿದಿರುತ್ತದೆ. ಮುಚ್ಚಳದ ಒಳಮೈಯಲ್ಲಿ ನೀರಿನ ಹನಿಗಳೂ ಕಾಣಬಹುದು. ಮಳೆ ಬಂದಿಲ್ಲ, ಸೂರು ಸೋರಿಲ್ಲ. ಹಾಗಾಗಿ "ತಗಡೇ ನೀರು ಬಿಡುತ್ತದೆ" ಎಂದು ಹೇಳಿ ಕಣಜವನ್ನು ಮೂಲೆಗೆ ತಳ್ಳಿದವರಿದ್ದಾರೆ. ತಗಡು ನೀರು ಬಿಡುವುದಿಲ್ಲ. ಆ ನೀರು ಕಾಳಿನಿಂದಲೇ ಬಂದದ್ದು.

ನೀರು ಬರುವ ಬಗೆ

ತಣ್ಣೀರು ತುಂಬಿದ ಹಿತ್ತಾಳೆ ಚೊಂಬಿನ ಹೊರಮೈ ಬೆವರುವುದನ್ನು ಎಲ್ಲರೂ ಕಂಡಿದ್ದಾರೆ. ಕಣಜದಲ್ಲಿ ನಡೆಯುವುದೂ ಅದೇ, ಆದರೆ ಒಳಮೈಯಲ್ಲಿ. ಬೆಚ್ಚಗಿನ ಗಾಳಿ ಹೆಚ್ಚು ನೀರಾವಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ತಣ್ಣನೆಯ ಗಾಳಿ ಕಡಿಮೆ. 25 ಡಿಗ್ರಿ ಸೆಂಟಿಗ್ರೇಡಿನ ಒಂದು ಘನ ಮೀಟರ್ ಗಾಳಿ ಸುಮಾರು 23 ಗ್ರಾಂ ನೀರಾವಿಯನ್ನು ಹಿಡಿಯಬಲ್ಲದು. 10 ಡಿಗ್ರಿಗೆ ಇಳಿದರೆ 9 ಗ್ರಾಂ ಮಾತ್ರ. ಬೀದರ್, ವಿಜಯಪುರದ ಕಡೆ ಡಿಸೆಂಬರ್–ಜನವರಿಯ ಕೆಲವು ರಾತ್ರಿಗಳಲ್ಲಿ ಉಷ್ಣತೆ 10 ಡಿಗ್ರಿಯ ಸಮೀಪಕ್ಕೆ ಬರುವುದುಂಟು. ಬಯಲಿನಲ್ಲಿರುವ ತಗಡು ಸುತ್ತಲಿನ ಗಾಳಿಗಿಂತಲೂ ಹೆಚ್ಚು ತಣ್ಣಗಾಗುತ್ತದೆ. ಆದರೆ ಕಾಳಿನ ರಾಶಿ ಹಾಗಲ್ಲ. ಅದು ಕಂಬಳಿ ಹೊದ್ದಂತೆ ತನ್ನ ಕಾವನ್ನು ವಾರಗಟ್ಟಲೆ ಉಳಿಸಿಕೊಳ್ಳುತ್ತದೆ. ಒಳಗೆ ಬೆಚ್ಚಗೆ, ಹೊರ ಅಂಚಿನಲ್ಲಿ ತಣ್ಣಗೆ. ನಡುವಿನ ಬಿಸಿಗಾಳಿ ಕಾಳಿನ ತೇವವನ್ನು ಹೊತ್ತು ಮೇಲೇರಿ ತಣ್ಣನೆಯ ಮುಚ್ಚಳಕ್ಕೆ ತಾಗಿದಾಗ ಆವಿಯು ಹನಿಯಾಗಿ ಕಾಳಿನ ಮೇಲೆ ಬೀಳುತ್ತದೆ. ಒಂದು ರಾತ್ರಿಯ ನೀರು ಚಮಚದಷ್ಟೂ ಇರಲಾರದು. ಆದರೆ ಹಸಿ ಕಾಳು ದಿನವೂ ಹೊಸ ಆವಿಯನ್ನು ಒದಗಿಸುತ್ತಲೇ ಇರುವುದರಿಂದ ನಲವತ್ತು ರಾತ್ರಿಗಳಲ್ಲಿ ಮೇಲ್ಪದರ ಕೆಡುವಷ್ಟು ತೇವ ಕೂಡಿಬರುತ್ತದೆ.

ಹಿಂದಿನ ಸಾಧನಗಳಲ್ಲಿ ಈ ತೊಂದರೆ ಏಕೆ ಕಾಣುತ್ತಿರಲಿಲ್ಲವೆಂಬುದನ್ನು ಗಮನಿಸಬೇಕು. ಬಿದಿರಿನಿಂದ ಹೆಣೆದು ಸಗಣಿ–ಮಣ್ಣು ಮೆತ್ತಿದ ಕಣಜದ ಗೋಡೆ ಸ್ವಲ್ಪ ತೇವವನ್ನು ತಾನೇ ಹೀರಿ ಹೊರಗೆ ಬಿಡುತ್ತಿತ್ತು. ರಾಗಿಯ ಹಗೇವು ನೆಲದೊಳಗೆ ಇರುವುದರಿಂದ ಹಗಲು–ರಾತ್ರಿಯ ಏರಿಳಿತವೇ ಅದಕ್ಕೆ ತಾಗುವುದಿಲ್ಲ. (ಹಗೇವಿಗೆ ಅದರದೇ ಅಪಾಯವಿದೆ. ಬಾಯಿ ತೆಗೆದ ಕೂಡಲೆ ಇಳಿದವರು ಉಸಿರುಕಟ್ಟಿ ಸತ್ತದ್ದುಂಟು.) ತಗಡಾದರೋ ತೇವವನ್ನು ಹೀರುವುದೂ ಇಲ್ಲ, ಹೊರಗೆ ಬಿಡುವುದೂ ಇಲ್ಲ. ಆದ್ದರಿಂದ ಹಸಿ ಕಾಳನ್ನು ಹಳೆಯ ಕಣಜ ಸ್ವಲ್ಪ ಮಟ್ಟಿಗೆ ಕ್ಷಮಿಸಬಹುದು, ತಗಡಿನ ಕಣಜ ಕ್ಷಮಿಸದು.

ಒಣಗಿಸುವುದೇ ಮುಖ್ಯ

ಆಹಾರಕ್ಕಾಗಿ ಇಡುವ ಮುಸುಕಿನ ಜೋಳ, ರಾಗಿ, ಜೋಳಗಳಲ್ಲಿ ತೇವಾಂಶ ಶೇಕಡಾ 12ನ್ನು ಮೀರಬಾರದು. ತೊಗರಿ ಮುಂತಾದ ದ್ವಿದಳ ಧಾನ್ಯಗಳಿಗೆ ಶೇಕಡಾ 9 ರಿಂದ 10 ಸಾಕು. ಬಿತ್ತನೆ ಬೀಜವನ್ನು ಇಡುವವರು ಇನ್ನೂ ಎಚ್ಚರದಿಂದಿರಬೇಕು. ಗಾಳಿಯಾಡುವ ಚೀಲದಲ್ಲಿ ಇಡುವ ಜೋಳ, ರಾಗಿ ಬೀಜಕ್ಕೆ ಪ್ರಮಾಣೀಕರಣದ ಗುಣಮಟ್ಟವು ಶೇಕಡಾ 12ರ ತೇವವನ್ನು ಒಪ್ಪುತ್ತದೆ. ಆವಿ ಹೊರಹೋಗದ ಧಾರಕದಲ್ಲಿಡುವುದಾದರೆ ಅದೇ ಬೀಜ ಶೇಕಡಾ 8ಕ್ಕೆ ಇಳಿದಿರಬೇಕು. ಚೀಲದಲ್ಲಿ ಚೆನ್ನಾಗಿದ್ದ ಬೀಜವನ್ನು ಹಾಗೆಯೇ ತಗಡಿಗೆ ಸುರಿದು ಬಿಗಿಯಾಗಿ ಮುಚ್ಚಿ, ಮುಂಗಾರಿಗೆ ಮೊಳಕೆ ಬರಲಿಲ್ಲವೆಂದು ಕೊರಗುವುದಕ್ಕೆ ಎಷ್ಟೋ ವೇಳೆ ಇದೇ ಕಾರಣ.

ತೇವಮಾಪಕ ಸಿಗದ ಕಡೆ ಉಪ್ಪಿನ ಪರೀಕ್ಷೆ ಮಾಡಬಹುದು. ಚೆನ್ನಾಗಿ ಒಣಗಿದ ಗಾಜಿನ ಸೀಸೆಯಲ್ಲಿ ಮೂರನೆಯ ಒಂದು ಭಾಗದಷ್ಟು ಕಾಳು ಹಾಕಿ, ಒಂದೆರಡು ಚಮಚ ಒಣ ಪುಡಿ ಉಪ್ಪು ಸೇರಿಸಿ, ಮುಚ್ಚಿ ಒಂದು ನಿಮಿಷ ಕುಲುಕಬೇಕು. ಉಪ್ಪು ಸೀಸೆಯ ಗೋಡೆಗೆ ಅಂಟಿದರೆ ತೇವ ಶೇಕಡಾ 15ಕ್ಕಿಂತ ಹೆಚ್ಚಿದೆಯೆಂದು ತಿಳಿಯಬೇಕು. ಅಂಟದಿದ್ದರೆ 15ಕ್ಕಿಂತ ಕಡಿಮೆ ಎಂದಷ್ಟೇ ಅರ್ಥ, 12ಕ್ಕೆ ಬಂದಿದೆಯೆಂದಲ್ಲ. ಉಪ್ಪು ಅಂಟದ ಮೇಲೂ ಇನ್ನೆರಡು ಮೂರು ಬಿಸಿಲು ಬೇಕು. ಹಲ್ಲಿಗೆ ಕಾಳು ನಜ್ಜಾಗದೆ ಕಟಕ್ಕೆಂದು ಒಡೆಯಬೇಕು.

ಚಳಿಗಾಲದ ಬಿಸಿಲಿನ ಹೊತ್ತು ಚಿಕ್ಕದು. ಇಬ್ಬನಿ ಆರಿದ ಮೇಲೆ ಕಾಳನ್ನು ಟಾರ್ಪಾಲಿನ ಮೇಲೆ ತೆಳುವಾಗಿ ಹರಡಿ, ಸಂಜೆ ನಾಲ್ಕರೊಳಗೆ ಒಟ್ಟುಗೂಡಿಸಿ ಮುಚ್ಚಬೇಕು. ರಾತ್ರಿ ಹಾಗೆಯೇ ಬಿಟ್ಟರೆ ಹಗಲು ಕಳೆದುಕೊಂಡ ತೇವದ ಒಂದು ಪಾಲನ್ನು ಇಬ್ಬನಿ ಮರಳಿ ಕೊಡುತ್ತದೆ. ಮುಸುಕಿನ ಜೋಳವನ್ನು ತೆನೆಯಲ್ಲೇ ಒಣಗಿಸಿ ಬಿಡಿಸಿ, ಕಾಳನ್ನು ಮತ್ತೆ ಬಿಸಿಲಿಗೆ ಹಾಕುವುದು ಒಳ್ಳೆಯದು. ಬಿಸಿಲಿನಿಂದ ಎತ್ತಿದ ಬಿಸಿ ಕಾಳನ್ನು ಕೂಡಲೆ ಕಣಜಕ್ಕೆ ಸುರಿಯುವ ರೂಢಿಯನ್ನು ಮಾತ್ರ ಬಿಡಬೇಕು. ಒಳಗೆ ಸುಡುಬಿಸಿ, ಹೊರಗೆ ಚಳಿ ಇದ್ದರೆ ಹನಿಗಟ್ಟುವುದು ಖಂಡಿತ. ಮನೆಯೊಳಗೆ ಹರಡಿ, ಕಾವು ಆರಿದ ಮೇಲೆ ತುಂಬಬೇಕು.

ಕಣಜವನ್ನು ಇಡುವ ಜಾಗ

ಬರಿದಾದ ಕಣಜವನ್ನು ಎತ್ತಬಹುದೇ ಹೊರತು 5 ಕ್ವಿಂಟಾಲು ತುಂಬಿದ್ದನ್ನು ಕದಲಿಸುವಂತಿಲ್ಲ. ಆದ್ದರಿಂದ ಜಾಗವನ್ನು ತುಂಬುವ ಮೊದಲೇ ಗೊತ್ತುಮಾಡಬೇಕು. ಬೇಸಿಗೆಯಲ್ಲಿ ಜಗಲಿಯಲ್ಲೋ ಸೂರಿನ ಕೆಳಗೋ ಇದ್ದದ್ದನ್ನು ಕಾರ್ತಿಕದಲ್ಲಿ ತುಂಬುವಾಗ ನಡುಮನೆಗೆ ತರುವುದು ಲೇಸು. ನೆಲಕ್ಕೂ ತಳಕ್ಕೂ ಗೇಣುದ್ದ ಅಂತರವಿರುವಂತೆ ಕಲ್ಲು ಅಥವಾ ಮರದ ಹಲಗೆಯ ಮೇಲೆ, ಗೋಡೆಯಿಂದ ಮೊಳದಷ್ಟು ದೂರದಲ್ಲಿ ನಿಲ್ಲಿಸಬೇಕು. ಬಚ್ಚಲಿನ ಗೋಡೆಯ ಪಕ್ಕ ಬೇಡ. ಒಲೆಯ ಹತ್ತಿರವಿದ್ದರೆ ಬೆಚ್ಚಗಿರುತ್ತದೆಂದು ಕೆಲವರು ಭಾವಿಸುತ್ತಾರೆ. ಒಂದು ಮಗ್ಗುಲು ಬಿಸಿಯಾಗಿ ಇನ್ನೊಂದು ಮಗ್ಗುಲು ತಣ್ಣಗಿದ್ದರೆ ತೇವವು ತಣ್ಣನೆಯ ಮಗ್ಗುಲಿಗೆ ಸರಿದು ಅಲ್ಲಿಯ ಕಾಳು ಕೆಡುತ್ತದೆ. ಮನೆಯೊಳಗೆ ಜಾಗವೇ ಇಲ್ಲದವರು ಚಪ್ಪರ ಹಾಕಿ, ಕಣಜದ ಸುತ್ತ ಮತ್ತು ಮುಚ್ಚಳದ ಮೇಲೆ ಹುಲ್ಲು ತುಂಬಿದ ಗೋಣಿಗಳನ್ನು ಕಟ್ಟಬೇಕು. ಹಗಲು ಬಿಸಿಲು, ರಾತ್ರಿ ಬಯಲ ಚಳಿ ಎರಡೂ ತಾಗುವ ಕಣಜದಷ್ಟು ಕೆಟ್ಟ ಕಣಜ ಬೇರೆಯಿಲ್ಲ.

ಕಣಜದ ಬದಲು ಹಳೆಯ ಡ್ರಮ್ಮುಗಳನ್ನು ಬಳಸುವವರಿಗೆ ಒಂದು ಮಾತು. ಕೀಟನಾಶಕವಿದ್ದ ಡ್ರಮ್ಮಿಗೆ, ಎಷ್ಟು ತೊಳೆದರೂ, ಕಾಳು ತುಂಬಬಾರದು.

ಮುಚ್ಚಿದ ಮೇಲೆ

ಕಾಳನ್ನು ಕಂಠದವರೆಗೂ ತುಂಬಿ, ಮೇಲೆ ಒಣಗಿದ ಶುಭ್ರ ಗೋಣಿಯನ್ನು ಮಡಿಸಿ ಹಾಸಿ ಮುಚ್ಚಳ ಹಾಕಬೇಕು. ಹನಿ ಬಿದ್ದರೆ ಗೋಣಿ ಹೀರುತ್ತದೆ. ಮೊದಲ ತಿಂಗಳು ವಾರಕ್ಕೊಮ್ಮೆ, ಬಿಸಿಲಿರುವ ನಡುಹಗಲಿನಲ್ಲಿ, ಮುಚ್ಚಳ ತೆಗೆದು ಗೋಣಿಯನ್ನು ಮುಟ್ಟಿ ನೋಡಿ, ತೇವವಿದ್ದರೆ ಒಣಗಿಸಿ ಹಾಕಬೇಕು. ಮಂಜು ಕವಿದ ಬೆಳಿಗ್ಗೆ ತೆಗೆಯಬಾರದು. ಮೊಳಕೈವರೆಗೆ ಕೈಯಿಳಿಸಿದಾಗ ಕಾಳು ಬಿಸಿಯೆನಿಸಿದರೆ ತಡಮಾಡದೆ ಹೊರತೆಗೆದು ಒಣಗಿಸಬೇಕು. ಎಲ್ಲವೂ ಸರಿಯಿದ್ದರೆ ಆಮೇಲೆ ಪದೇ ಪದೇ ತೆಗೆಯುವ ಅಗತ್ಯವಿಲ್ಲ. ಚಳಿಯಿಂದ ಒಂದು ಉಪಕಾರವೂ ಇದೆ: ಕಾಳಿನ ಉಷ್ಣತೆ 15 ಡಿಗ್ರಿಗಿಂತ ಕೆಳಗಿದ್ದರೆ ಸೊಂಡಿಲು ಹುಳುವಿನ ಸಂತಾನ ಹೆಚ್ಚುವುದಿಲ್ಲ. ಶಿವರಾತ್ರಿಯ ನಂತರ ಕಾವೇರಿದಾಗ ಹುಳುವಿಗಾಗಿ ಮತ್ತೊಮ್ಮೆ ನೋಡಬೇಕು.

ಹುಳು ಕಂಡರೆ ಮನೆಯಲ್ಲಿ ವಿಷಗಾಳಿ ಹಾಕುವ ಹಳೆಯ ಸಲಹೆಗಳನ್ನು ಈಗ ಅನುಸರಿಸಬಾರದು. ಹಿಂದೆ ಶಿಫಾರಸು ಮಾಡುತ್ತಿದ್ದ ಇ.ಡಿ.ಬಿ. ಔಷಧಿಯನ್ನು 2001ರಲ್ಲಿ ನಿಷೇಧಿಸಲಾಗಿದೆ. ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯ ಬಳಕೆ ಸರ್ಕಾರಿ ಸಂಸ್ಥೆಗಳಿಗೂ ಪರವಾನಗಿ ಪಡೆದ ಕೀಟ ನಿಯಂತ್ರಕರಿಗೂ ಸೀಮಿತವಾಗಿದೆ. ಜನ ಮಲಗುವ ಮನೆಯಲ್ಲಿ ಆ ಮಾತ್ರೆಯ ಅನಿಲ ಪ್ರಾಣಾಂತಕ.

ಬೂಷ್ಟು ಹಿಡಿದ ಪದರವನ್ನು ಏನು ಮಾಡಬೇಕು? ತೊಳೆದು ಒಣಗಿಸಿ ಒಳ್ಳೆಯ ಕಾಳಿಗೆ ಬೆರೆಸುವುದು, ಇಲ್ಲವೆ ಕೋಳಿಗೆ ಹಾಕುವುದು ರೂಢಿ. ಎರಡೂ ತಪ್ಪು. ಮುಸುಕಿನ ಜೋಳ, ಕಡಲೆಕಾಯಿಗಳ ಮೇಲೆ ಬೆಳೆಯುವ ಆಸ್ಪರ್ಜಿಲಸ್ ಜಾತಿಯ ಬೂಷ್ಟುಗಳು ಅಫ್ಲಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತವೆ. ಬೂಷ್ಟನ್ನು ಒರೆಸಿದರೆ ವಿಷ ಹೋಗುವುದಿಲ್ಲ, ಅಡುಗೆಯ ಬೆಂಕಿಗೂ ಅದು ಪೂರ್ತಿ ನಾಶವಾಗದು. 1974ರ ಕೊನೆಯಲ್ಲಿ ರಾಜಸ್ಥಾನದ ಬಾಂಸವಾಡಾ ಮತ್ತು ಗುಜರಾತಿನ ಪಂಚಮಹಲ್ ಜಿಲ್ಲೆಗಳ ಹಳ್ಳಿಗಳಲ್ಲಿ ಅಕಾಲ ಮಳೆಗೆ ನೆನೆದು ಬೂಷ್ಟು ಹಿಡಿದ ಮುಸುಕಿನ ಜೋಳವನ್ನು ಉಂಡು ಯಕೃತ್ತಿನ ರೋಗದಿಂದ ನೂರಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಬೇರೆ ಊಟವಿಲ್ಲದ ಬಡವರೇ ಅವರಲ್ಲಿ ಹೆಚ್ಚು. ಬೂಷ್ಟು ಕಂಡ ಪದರವನ್ನೂ ಅದರ ಕೆಳಗಿನ ಗಂಟುಕಟ್ಟಿದ ಕಾಳನ್ನೂ ಬೇರೆಯಾಗಿ ತೆಗೆದು ಹೂಳಬೇಕು. ಉಳಿದ ಕಾಳನ್ನು ಆರಿಸಿ, ಬಿಸಿಲಿನಲ್ಲಿ ಒಣಗಿಸಿ, ಕಣಜವನ್ನು ತೊಳೆದು ಎರಡು ದಿನ ಬಿಸಿಲಿಗಿಟ್ಟು ನಂತರ ತುಂಬಬೇಕು.

ಇನ್ನೊಂದು ಸಂಗತಿ. ಕೆಳಗಿನ ಬಾಯಿಯಿಂದ ಊಟಕ್ಕೆ ಕಾಳು ತೆಗೆಯುತ್ತ ಹೋದಂತೆ ಮೇಲೆ ಬರಿದಾದ ಜಾಗ ಬೆಳೆಯುತ್ತದೆ, ತಣ್ಣನೆಯ ತಗಡು ಹೆಚ್ಚು ಹೊರಬೀಳುತ್ತದೆ. ಅರ್ಧ ಖಾಲಿಯಾದ ಕಣಜ ಚಳಿಗಾಲದಲ್ಲಿ ಬೇಗ ಬೆವರುವುದು ಇದರಿಂದಲೇ. ಹೊಸದಾಗಿ ಮಾಡಿಸುವವರು 10 ಕ್ವಿಂಟಾಲಿನ ಒಂದರ ಬದಲು 5 ಕ್ವಿಂಟಾಲಿನ ಎರಡನ್ನು ಮಾಡಿಸಿ, ಒಂದು ಮುಗಿಯುವವರೆಗೆ ಇನ್ನೊಂದನ್ನು ಮುಟ್ಟದಿದ್ದರೆ ಖರ್ಚು ಸ್ವಲ್ಪ ಹೆಚ್ಚಾದರೂ ಒಂದು ಕಣಜವಾದರೂ ಚಳಿ ಕಳೆಯುವವರೆಗೆ ತುಂಬಿಯೇ ಇರುತ್ತದೆ.